ಸಣ್ಣ ಟ್ರ್ಯಾಕ್ಟರಿನ ಬೆನ್ನಿಗೆ ಯಾವ ಯಂತ್ರ?

ಯುಗಾದಿ ಕಳೆದು, ಮುಂಗಾರಿನ ಮೊದಲ ಹದಮಳೆಗಾಗಿ ಒಕ್ಕಲುಮಕ್ಕಳು ಮುಗಿಲನ್ನು ನಿರೀಕ್ಷಿಸತೊಡಗುವ ದಿನಗಳಲ್ಲಿ, ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ವಾಚಕರಿಂದ ನನಗೆ ತಪ್ಪದೆ ಬರುವ ಪ್ರಶ್ನೆಯೊಂದುಂಟು: ಮನೆಯಲ್ಲಿ ಇಪ್ಪತ್ತು ಇಪ್ಪತ್ತೈದು ಅಶ್ವಶಕ್ತಿಯ ಮಿನಿ ಟ್ರ್ಯಾಕ್ಟರೊಂದಿದೆ, ಅದಕ್ಕೆ ರೋಟವೇಟರ್ ಕೊಳ್ಳಬೇಕೆಂದಿದ್ದೇವೆ, ಮೂರಡಿಯದೋ ನಾಲ್ಕಡಿಯದೋ ಐದಡಿಯದೋ, ಯಾವುದನ್ನು ಕೊಂಡರೆ ಲೇಸು? ಈ ವರ್ಷ ಅದೇ ಪ್ರಶ್ನೆ ಗೋಪಿನಾಥಂ ಕಡೆಯಿಂದ ಬಂದಿದೆ; ಅಲ್ಲಿಂದ ಬಂದಿರುವ ಕಾರಣದಿಂದಲೇ ಅದಕ್ಕೆ ಕೊಡಬೇಕಾದ ಉತ್ತರವು ಮಂಡ್ಯದ ಕಾಲುವೆ ಬಯಲಿನ ರೈತನಿಗೆ ಹೇಳುವ ಉತ್ತರಕ್ಕಿಂತ ತೀರ ಭಿನ್ನವಾಗುತ್ತದೆ. ಎಷ್ಟು ಅಡಿ ಎಂಬುದು ಎರಡನೆಯ ವಿಚಾರ. ಆ ಮಣ್ಣಿಗೆ ಆ ಯಂತ್ರ ಬೇಕೆ, ಬೇಕಾದರೆ ಯಾವ ಹೊಲಕ್ಕೆ, ಯಾವ ಬೆಳೆಗೆ, ವರ್ಷದ ಯಾವ ದಿನಗಳಲ್ಲಿ ಬೇಕು ಎಂಬುದೇ ಮೊದಲನೆಯದೆಂದು ನಾನು ಬಹುಕಾಲದಿಂದ ನಂಬಿಕೊಂಡು ಬಂದಿದ್ದೇನೆ.

ಮಲೆ ಮಹದೇಶ್ವರ ಬೆಟ್ಟವನ್ನಿಳಿದು ಪಾಲಾರ್ ದಾರಿಯಾಗಿ ಗೋಪಿನಾಥಂ ಕಡೆಗೆ ಹೊರಟವರಿಗೆ ಮೊದಲು ಎದುರಾಗುವುದು ಕಾಡು; ಹೊಲಗಳು ಕಾಣುವುದು ಅನಂತರ. ಈ ಊರಿನ ಹೆಸರು ಬಹುಕಾಲ ವೀರಪ್ಪನ್ ಹುಟ್ಟೂರೆಂದೇ ಪತ್ರಿಕೆಗಳಲ್ಲಿ ಅಚ್ಚಾಗುತ್ತ ಬಂದಿತು; ಇಲ್ಲಿಯ ಜನರ ನಡುವೆ ನಿಂತು ಅವರ ಕ್ಷೇಮಕ್ಕಾಗಿ ದುಡಿದು 1991ರ ನವೆಂಬರ್ 10ರಂದು ಹತರಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಸ್ಮರಣೆಯೂ ಈ ನೆಲದಲ್ಲಿ ಬಾಳಿದೆ. ಆದರೆ ಬೆಳಗಾದರೆ ಹೊಲಕ್ಕೆ ಹೋಗುವವನ ಚಿಂತೆ ಬೇರೆಯದು. ಕಾವೇರಿ ವನ್ಯಧಾಮದ ಕಾಡು ಸುತ್ತಲೂ ಒತ್ತಿ ನಿಂತಿರುವ ಈ ಸೀಮೆಯಲ್ಲಿ ಹಿಡುವಳಿಗಳು ಸಣ್ಣವು, ತುಂಡುತುಂಡಾದವು. ಗೋಪಿನಾಥಂ ಜಲಾಶಯದ ಕೆಳಗೆ ನೀರು ಕಂಡ ಅಲ್ಪಸ್ವಲ್ಪ ಸಮತಟ್ಟು ಭೂಮಿಯನ್ನು ಬಿಟ್ಟರೆ ಉಳಿದದ್ದು ಬಹುಪಾಲು ಇಳುಕಲಿನ ಕೆಮ್ಮಣ್ಣು. ಅದರೊಳಗೆ ಗರಸು, ಮುಷ್ಟಿಗಾತ್ರದ ಕಲ್ಲು, ಅಲ್ಲಲ್ಲಿ ಮಣ್ಣಿನಡಿಯಿಂದ ತಲೆಯೆತ್ತುವ ಬಂಡೆ. ಮಳೆಯೂ ಇಲ್ಲಿ ಒಂದೇ ಸಮನೆ ಸುರಿಯುವುದಲ್ಲ. ಮೇ ತಿಂಗಳಲ್ಲಿ ಗುಡುಗು ಸಿಡಿಲಿನೊಡನೆ ಒಂದಿಷ್ಟು ಬಂದು, ನಡುವೆ ಸೊರಗಿ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಹಿಂಗಾರಿನ ಜೊತೆ ಮತ್ತೆ ಭರದಿಂದ ಹೊಡೆಯುತ್ತದೆ. ಯಾವ ಯಂತ್ರವನ್ನು ಆರಿಸುವಾಗಲೂ ಈ ಮಣ್ಣು, ಈ ಇಳುಕಲು, ಈ ಮಳೆ ಮೂರನ್ನೂ ಕಣ್ಣೆದುರಿಗೆ ಇಟ್ಟುಕೊಳ್ಳತಕ್ಕದ್ದು.

ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಎರಡು ವ್ಯವಸ್ಥೆಗಳುಂಟು. ಒಂದು, ಕೆಳಗೆ ಎರಡು, ಮೇಲೆ ಒಂದು, ಹೀಗೆ ಮೂರು ತೋಳುಗಳಿಂದ ಉಪಕರಣವನ್ನು ಹಿಡಿದೆತ್ತುವ ಕೊಂಡಿ. ಐರ್ಲೆಂಡಿನಲ್ಲಿ ಹುಟ್ಟಿದ ಹ್ಯಾರಿ ಫರ್ಗ್ಯುಸನ್ 1920ರ ದಶಕದಲ್ಲಿ ರೂಪಿಸಿ, 1939ರಲ್ಲಿ ಫೋರ್ಡ್ ಟ್ರ್ಯಾಕ್ಟರಿನ ಮೂಲಕ ಜಗತ್ತಿಗೆಲ್ಲ ಪರಿಚಯಿಸಿದ ಈ ಕಲ್ಪನೆ ಇಂದಿಗೂ ಮೂಲರೂಪದಲ್ಲಿಯೇ ನಮ್ಮ ಹೊಲಗಳಲ್ಲಿ ದುಡಿಯುತ್ತಿದೆ. ಇನ್ನೊಂದು, ಎಂಜಿನ್ನಿನ ಶಕ್ತಿಯನ್ನು ಸುತ್ತುವ ರೂಪದಲ್ಲಿ ಹೊರಗೆ ಕೊಡುವ ಪಿಟಿಒ ದಂಡ: ಸುಮಾರು 35 ಮಿಲಿಮೀಟರ್ ವ್ಯಾಸದ, ಆರು ಹಲ್ಲುಗಳ, ನಿಮಿಷಕ್ಕೆ 540 ಸುತ್ತು ತಿರುಗುವ ಗಟ್ಟಿ ಉಕ್ಕಿನ ತುಂಡು. ನೇಗಿಲು, ಕಲ್ಟಿವೇಟರ್ ಮೊದಲಾದವು ಕೇವಲ ಎಳೆತದಿಂದ ಕೆಲಸ ಮಾಡತಕ್ಕವು. ಅವಕ್ಕೆ ಕೊಂಡಿಯೊಂದಿದ್ದರೆ ಸಾಕು. ರೋಟವೇಟರಿಗೆ ಎರಡೂ ಬೇಕು. ಕೊಂಡಿ ಅದನ್ನು ಹೊರುತ್ತದೆ, ದಂಡ ಅದರ ಅಲಗುಗಳನ್ನು ತಿರುಗಿಸುತ್ತದೆ. ಆದುದರಿಂದ ಟ್ರ್ಯಾಕ್ಟರಿನ ಎತ್ತುವ ಬಲವನ್ನೂ ತಿರುಗಿಸುವ ಬಲವನ್ನೂ ಬೇರೆಬೇರೆಯಾಗಿ ಅಳೆದು ನೋಡದೆ ಈ ಯಂತ್ರವನ್ನು ಆರಿಸುವುದು ಯುಕ್ತವಲ್ಲ.

ಇಲ್ಲಿ ಸ್ವಲ್ಪ ದೂರದ ಮಾತೊಂದನ್ನು ಹೇಳಬೇಕೆನ್ನಿಸುತ್ತದೆ. ಕೆನಡಾದಲ್ಲಿಯೋ ಅಮೆರಿಕದ ಉತ್ತರದ ರಾಜ್ಯಗಳಲ್ಲಿಯೋ ಊರ ಹೊರಗೆ ಒಂದೆರಡು ಎಕರೆ ಜಾಗದಲ್ಲಿ ಮನೆಮಾಡಿಕೊಂಡ ನಮ್ಮವರು, ಇದೇ ವರ್ಗದ ಸಣ್ಣ ಟ್ರ್ಯಾಕ್ಟರಿಗೆ, ಇದೇ 540 ಸುತ್ತಿನ ದಂಡಕ್ಕೆ, ಹಿಮವನ್ನು ಕೊರೆದು ದೂರಕ್ಕೆ ಎಸೆಯುವ ಯಂತ್ರವೊಂದನ್ನು ಜೋಡಿಸಿಕೊಂಡು ಮನೆಯ ದಾರಿಯನ್ನು ಬಿಡಿಸಿಕೊಳ್ಳುತ್ತಾರೆ. ಅಡ್ಡಲಾಗಿ ತಿರುಗುವ ಸುರುಳಿಯೊಂದು ಹಿಮವನ್ನು ನಡುವಿಗೆ ತಂದುಕೊಡುತ್ತದೆ. ಅದರ ಹಿಂದಿನ ಬೀಸುಚಕ್ರ ಅದನ್ನು ಕೊಳವೆಯ ಮೂಲಕ ಪಕ್ಕಕ್ಕೆ ಚಿಮ್ಮಿಸುತ್ತದೆ. ಹಿಂಬದಿಗೆ ಕಟ್ಟಿದರೆ ಬೆಲೆ ಕಡಿಮೆ, ಆದರೆ ಕುತ್ತಿಗೆ ತಿರುಗಿಸಿಕೊಂಡು ಹಿಮ್ಮೊಗವಾಗಿ ನಡೆಸಬೇಕು. ಮುಂಬದಿಗೆ ಕಟ್ಟಿದರೆ ಸುಖ, ಆದರೆ ಅದಕ್ಕೆ ಟ್ರ್ಯಾಕ್ಟರಿನ ಮಧ್ಯಭಾಗದಲ್ಲಿ ಪ್ರತ್ಯೇಕ ದಂಡವಿರಬೇಕು. ಅವರೂ ಕೇಳುವುದು ನಮ್ಮವರು ಕೇಳುವ ಪ್ರಶ್ನೆಯನ್ನೇ, ಎಷ್ಟು ಅಗಲದ್ದು ಕೊಳ್ಳಬೇಕೆಂದು. ಅವರಿಗೆ ಸಲ್ಲುವ ಉತ್ತರವೂ ನಮ್ಮದೇ. ಚಕ್ರಗಳ ಹೊರ ಅಂಚನ್ನು ಮುಚ್ಚುವಷ್ಟು ಅಗಲ ಬೇಕು, ದಂಡದ ಶಕ್ತಿಗೆ ಮೀರಿದ ಅಗಲ ಕೂಡದು, ಅತಿ ನಿಧಾನವಾಗಿ ಚಲಿಸುವ ಗೇರು ಇರಬೇಕು, ಗರಸಿನ ದಾರಿಯಾದರೆ ಯಂತ್ರದ ಅಡಿಯ ಜಾರುಪಟ್ಟಿಗಳನ್ನು ಕೆಳಕ್ಕಿಳಿಸಿ ಬಿಗಿದು, ಯಂತ್ರ ನೆಲದಿಂದ ತುಸು ಮೇಲೆ ನಿಲ್ಲುವಂತೆ ಮಾಡಿ ಕಲ್ಲನ್ನು ತಪ್ಪಿಸಬೇಕು. ಒಬ್ಬನಿಗೆ ಹಿಮ, ಒಬ್ಬನಿಗೆ ಮಣ್ಣು, ಲೆಕ್ಕ ಒಂದೇ. ಈ ಎರಡು ಯಂತ್ರಗಳನ್ನು ಮೊದಲು ನಿರ್ಮಿಸಿದವರಿಬ್ಬರೂ ರೈತರ ಮಕ್ಕಳೆಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ. 1912ರ ಸುಮಾರಿಗೆ ಆಸ್ಟ್ರೇಲಿಯದ ಗಿಲ್ಗಂಡ್ರದಲ್ಲಿ ತಂದೆಯ ಹೊಲದಲ್ಲಿಯೇ ಪ್ರಯೋಗ ನಡೆಸಿ ತಿರುಗುವ ಅಲಗುಗಳಿಂದ ಉಳುವ ಯಂತ್ರವನ್ನು ಕಟ್ಟಿದ ಆರ್ಥರ್ ಕ್ಲಿಫರ್ಡ್ ಹೋವರ್ಡ್ ಒಬ್ಬರು. 1925ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಹಿಮ ಎಸೆಯುವ ಯಂತ್ರವನ್ನು ಸಿದ್ಧಪಡಿಸಿದ ಆರ್ಥರ್ ಸಿಕಾರ್ ಇನ್ನೊಬ್ಬರು. ತಮ್ಮ ನೆಲದ ಕಷ್ಟವೇನೆಂಬುದನ್ನು ಇಬ್ಬರೂ ಬಲ್ಲವರಾಗಿದ್ದರು.

ಈಗ ಲೆಕ್ಕಕ್ಕೆ ಬರೋಣ. ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಬರೆದಿರುವ ಅಶ್ವಶಕ್ತಿ ಎಂಜಿನ್ನಿನದು. ಗೇರುಗಳ ಮೂಲಕ ಹಾದು ದಂಡಕ್ಕೆ ಬಂದು ತಲುಪುವಷ್ಟರಲ್ಲಿ ಅದು ಸ್ಥೂಲವಾಗಿ ನೂರಕ್ಕೆ 85ರಷ್ಟಾಗಿ ಇಳಿದಿರುತ್ತದೆ. ಇಪ್ಪತ್ನಾಲ್ಕು ಅಶ್ವಶಕ್ತಿಯ ಟ್ರ್ಯಾಕ್ಟರಿನ ದಂಡದಲ್ಲಿ ಇಪ್ಪತ್ತು ದೊರೆತರೆ ಅದೇ ಹೆಚ್ಚು. ನಮ್ಮ ದೇಶದ ಟ್ರ್ಯಾಕ್ಟರುಗಳನ್ನು ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರಕಾರದ ಸಂಸ್ಥೆ ಪರೀಕ್ಷಿಸಿ ವರದಿ ಕೊಡುತ್ತದೆ. ಅಂಥದೇ ಇನ್ನೊಂದು ಸಂಸ್ಥೆ ನಮಗೆ ಹತ್ತಿರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದ್ದು ಕೃಷಿಯಂತ್ರಗಳ ಪರೀಕ್ಷೆ ನಡೆಸುತ್ತದೆ. ಮಾರಾಟಗಾರನ ಬಾಯಿಮಾತಿಗೆ ತೃಪ್ತರಾಗದೆ, ದಂಡದ ಶಕ್ತಿಯೆಷ್ಟು, ಎಂಜಿನ್ ಎಷ್ಟು ಸುತ್ತಿನಲ್ಲಿದ್ದಾಗ ದಂಡವು 540ನ್ನು ಮುಟ್ಟುತ್ತದೆ ಎಂಬ ಎರಡು ಅಂಕಿಗಳನ್ನು ಆ ವರದಿಯಲ್ಲಿ ತೋರಿಸಿರೆಂದು ಕೇಳುವುದು ಕೊಳ್ಳುವವನ ಹಕ್ಕು. ರೋಟವೇಟರ್ ಮಾರುವವರು ಸಾಮಾನ್ಯವಾಗಿ ಐದಡಿಯ ಯಂತ್ರಕ್ಕೆ ನಲವತ್ತು, ಆರಡಿಯದಕ್ಕೆ ಐವತ್ತು ಅಶ್ವಶಕ್ತಿಯ ಟ್ರ್ಯಾಕ್ಟರನ್ನು ಸೂಚಿಸುತ್ತಾರೆ. ಅಡಿಗೆ ಸುಮಾರು ಎಂಟು ಅಶ್ವಶಕ್ತಿ ಎಂದಾಯಿತು. ಅದೇ ಪ್ರಮಾಣದಲ್ಲಿ ಇಪ್ಪತ್ನಾಲ್ಕು ಅಶ್ವಶಕ್ತಿಗೆ ಸಲ್ಲುವುದು ಮೂರಡಿ. ಕಲ್ಲಿಲ್ಲದ, ಹದವಾದ ಮಣ್ಣಿನಲ್ಲಿ ಮೂರೂವರೆಯನ್ನು ಎಳೆದೀತು. ಗೋಪಿನಾಥಂನಂತಹ ನೆಲದಲ್ಲಿ ಮೂರಡಿಯನ್ನು ಮೀರಲು ನಾನು ಯಾರಿಗೂ ಹೇಳಲಾರೆ. ಅಗಲ ಹೆಚ್ಚಿದ್ದರೆ ಕೆಲಸ ಬೇಗ ಮುಗಿಯುವುದೆಂಬ ಆಸೆಯಿಂದ ನಾಲ್ಕಡಿಯದನ್ನು ಕಟ್ಟಿದರೆ, ಎಳೆಗರುವಿನ ಹೆಗಲಿಗೆ ದೊಡ್ಡೆತ್ತಿನ ನೊಗವನ್ನಿಟ್ಟಂತಾಗಿ, ಎಂಜಿನ್ನಿನ ಉಸಿರು ಕಟ್ಟುತ್ತದೆ, ಸುತ್ತು ಕುಗ್ಗುತ್ತದೆ, ಅಲಗು ಮಣ್ಣನ್ನು ಕತ್ತರಿಸುವ ಬದಲು ಗುದ್ದತೊಡಗುತ್ತದೆ, ಡೀಸೆಲ್ ಹೆಚ್ಚು ಸುಟ್ಟು ಎಕರೆ ಕಡಿಮೆಯಾಗುತ್ತದೆ.

ಅಗಲಕ್ಕೆ ಮೇಲ್ಮಿತಿಯಿರುವಂತೆಯೇ ಕೆಳಮಿತಿಯೂ ಉಂಟು. ಟ್ರ್ಯಾಕ್ಟರಿನ ಹಿಂಚಕ್ರಗಳ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪು ಹಿಡಿದು ಅಳೆಯಿರಿ. ಯಂತ್ರ ಅದಕ್ಕಿಂತ ಕಿರಿದಾದರೆ, ಚಕ್ರ ತುಳಿದು ಗಟ್ಟಿಮಾಡಿದ ಪಟ್ಟಿಯೊಂದು ಉಳಿದೇ ಹೋಗುತ್ತದೆ. ಯಂತ್ರವನ್ನು ಒಂದು ಪಕ್ಕಕ್ಕೆ ಸರಿಸಿ ಜೋಡಿಸಲು ಅವಕಾಶವಿರುವ ಮಾದರಿಯಾದರೆ ಒಂದು ಚಕ್ರದ ಗುರುತಾದರೂ ಅಳಿದು, ಬದುವಿನ ಅಂಚಿನವರೆಗೆ ಉಳಲು ಬರುತ್ತದೆ. ಸಣ್ಣ ತುಂಡುಗಳ ಹೊಲಕ್ಕೆ ಇದೊಂದು ದೊಡ್ಡ ಅನುಕೂಲ. ಇನ್ನು ಭಾರದ ಮಾತು. ಟ್ರ್ಯಾಕ್ಟರಿನ ಎತ್ತುವ ಸಾಮರ್ಥ್ಯವನ್ನು ಸಾಮಾನ್ಯವಾಗಿ ಕೊಂಡಿಯ ತುದಿಯಲ್ಲಿ ಅಳೆದು ಹೇಳಿರುತ್ತಾರೆ. ರೋಟವೇಟರಿನ ಭಾರವಾದರೋ ಆ ತುದಿಗಿಂತ ಇನ್ನೂ ಹಿಂದೆ ಜೋತಿರುತ್ತದೆ. ಆದಕಾರಣ ಕಾಗದದ ಮೇಲಿನ ಸಾಮರ್ಥ್ಯವೆಲ್ಲವೂ ಕೈಗೆ ಬರುವುದಿಲ್ಲ. ಸಮತಟ್ಟಿನಲ್ಲಿ ಇದು ಅಷ್ಟಾಗಿ ಬಾಧಿಸದು. ಇಳುಕಲನ್ನು ಏರುತ್ತ ಯಂತ್ರವನ್ನು ಮೇಲಕ್ಕೆತ್ತಿದೊಡನೆ ಮುಂಚಕ್ರಗಳು ಹಗುರಾಗಿ ನೆಲದ ಹಿಡಿತವನ್ನು ಬಿಡುತ್ತವೆ, ಸ್ಟಿಯರಿಂಗ್ ಚಾಲಕನ ಮಾತು ಕೇಳದಾಗುತ್ತದೆ. ಬೆಟ್ಟದ ಸೀಮೆಯ ರೈತ ಮುಂಭಾಗದ ತೂಕದ ಕಲ್ಲುಗಳನ್ನು ಟ್ರ್ಯಾಕ್ಟರಿನ ಜೊತೆಯಲ್ಲಿಯೇ ಕೇಳಿ ಪಡೆಯಬೇಕು; ಅವು ಅಲಂಕಾರಕ್ಕಿರುವುವಲ್ಲ.

ಇಷ್ಟೆಲ್ಲ ಹೊಂದಿಬಂದಿತೆನ್ನೋಣ. ಆದರೂ ಈ ಯಂತ್ರವನ್ನು ಎಲ್ಲ ಹೊಲಕ್ಕೂ ಓಡಿಸಬಹುದೆ? ಇಲ್ಲಿಯೇ ನನ್ನ ಅಭಿಪ್ರಾಯ ಮಾರುಕಟ್ಟೆಯ ಅಭಿಪ್ರಾಯಕ್ಕಿಂತ ಬೇರೆಯಾಗುವುದು. ರೋಟವೇಟರ್ ಒಂದೇ ಓಟದಲ್ಲಿ ಹೆಂಟೆಗಳನ್ನು ಪುಡಿಮಾಡಿ, ಕೂಳೆಯನ್ನು ಕತ್ತರಿಸಿ ಮಣ್ಣಿನಲ್ಲಿ ಬೆರೆಸಿ, ನೆಲವನ್ನು ಹಾಸಿದಂತೆ ಸಮಮಾಡಿ ಕೊಡುತ್ತದೆ. ನೋಡುವವನ ಕಣ್ಣಿಗೆ ಅದು ಪರಮ ಸುಂದರ. ನಿಮಿಷಕ್ಕೆ ಸುಮಾರು ಇನ್ನೂರು ಸುತ್ತು ತಿರುಗುವ ಅಲಗುಗಳು ಒಣ ಕೆಮ್ಮಣ್ಣಿನ ಸಣ್ಣ ಹರಳುಗಳನ್ನೂ ಒಡೆದು ಹಿಟ್ಟುಮಾಡುತ್ತವೆ. ಆ ಹಿಟ್ಟಿನ ಮೇಲೆ ಬಿರುಮಳೆ ಬಿದ್ದರೆ ಮೊದಲ ಹನಿಗಳಿಗೇ ಮೇಲ್ಪದರ ಕೆಸರಾಗಿ ಮುಚ್ಚಿಕೊಳ್ಳುತ್ತದೆ, ನೀರು ಒಳಗಿಳಿಯದು, ಇಳುಕಲನ್ನು ಹಿಡಿದು ಹರಿಯುತ್ತದೆ, ಹರಿಯುವಾಗ ಮಣ್ಣಿನ ಸಾರವನ್ನೆಲ್ಲ ಹಳ್ಳಕ್ಕೆ, ಹಳ್ಳದಿಂದ ಪಾಲಾರಿಗೆ, ಪಾಲಾರಿನಿಂದ ಕಾವೇರಿಗೆ ಒಯ್ಯುತ್ತದೆ. ಗೋಪಿನಾಥಂನ ಮೇಲ್ಪದರ ಮೊದಲೇ ತೆಳುವಾದದ್ದು. ಒಂದು ಅಂಗುಲ ಹೋದರೂ ಅದನ್ನು ತುಂಬಿಕೊಡಲು ಒಂದು ತಲೆಮಾರು ಸಾಲದು. ಮತ್ತೊಂದು ತೊಂದರೆ ಕಣ್ಣಿಗೆ ಕಾಣದ್ದು. ವರ್ಷವರ್ಷವೂ ಅದೇ ನಾಲ್ಕೈದು ಅಂಗುಲ ಆಳದಲ್ಲಿ ಅಲಗುಗಳು ಉಜ್ಜುತ್ತ ಹೋದರೆ ಅದರ ಕೆಳಗೆ ಮಣ್ಣು ಬಿಗಿದು ಹಾಸುಗಲ್ಲಿನಂತೆ ನಿಲ್ಲುತ್ತದೆ; ಬೇರು ಅಲ್ಲಿ ತಡೆಯುತ್ತದೆ, ಮಳೆ ಹಿಂದೆಗೆದಾಗ ಬೆಳೆ ನಾಲ್ಕು ದಿನ ಮೊದಲೇ ಬಾಡುತ್ತದೆ.

ಆದುದರಿಂದ ಬೆಳೆಯನ್ನು ನೋಡಿ ಯಂತ್ರವನ್ನು ಇಳಿಸತಕ್ಕದ್ದು. ರಾಗಿಯ ಕಾಳು ಸಾಸಿವೆಯಷ್ಟು ಸಣ್ಣದು, ಅದಕ್ಕೆ ನಯವಾದ ಮಣ್ಣು ಬೇಕೆಂಬುದು ಒಪ್ಪತಕ್ಕ ಮಾತು. ಸಮತಟ್ಟಾದ ರಾಗಿ ಹೊಲಕ್ಕೆ, ಹದಮಳೆ ಬಿದ್ದು ಮಣ್ಣು ಕೈಯಲ್ಲಿ ಉಂಡೆಯಾಗಿ ಮೆಲ್ಲನೆ ಒತ್ತಿದರೆ ಬಿರಿಯುವ ಸ್ಥಿತಿಗೆ ಬಂದಾಗ, ರೋಟವೇಟರನ್ನು ಒಮ್ಮೆ ಓಡಿಸುವುದು ಒಳ್ಳೆಯದೇ. ಮುಸುಕಿನ ಜೋಳ ಕೊಯ್ದ ಹೊಲದಲ್ಲಿ ಕೂಳೆಯನ್ನು ಸುಡದೆ ಮಣ್ಣಿಗೆ ಸೇರಿಸಲು ಇದಕ್ಕಿಂತ ಉತ್ತಮವಾದ ಸಾಧನ ನನಗೆ ತಿಳಿಯದು. ಜಲಾಶಯದ ಕೆಳಗಿನ ನೀರಾವರಿ ತುಂಡುಗಳಲ್ಲಿ, ಬಾಳೆ ಅರಿಸಿನಗಳ ತೋಟದಲ್ಲಿ, ಅದರ ಉಪಕಾರ ನಿರ್ವಿವಾದ. ಆದರೆ ಹಿಂಗಾರಿನ ಹುರುಳಿಗೆ ಆ ಪುಡಿಮಣ್ಣಿನ ಅಗತ್ಯವೇ ಇಲ್ಲ. ಅದು ಒರಟು ನೆಲದಲ್ಲಿಯೂ ಬೇರೂರಿ ಬೆಳೆಯುವ ಧಾನ್ಯ. ನೆಲಗಡಲೆಗೆ ಬೇಕಾದದ್ದು ಸಡಿಲವಾದ ಮಣ್ಣು: ಹೂವಿನ ಮೊಳೆ ನೆಲಕ್ಕಿಳಿದು ಕಾಯಿ ಕಟ್ಟುವಾಗ ಅಡ್ಡಿಯಾಗಬಾರದು. ಆ ಸಡಿಲನ್ನು ಕಲ್ಟಿವೇಟರ್ ಆಳವಾಗಿ, ಮಣ್ಣನ್ನು ಹಿಟ್ಟುಮಾಡದೆಯೇ, ಕೊಡಬಲ್ಲುದು.

ಗೋಪಿನಾಥಂನ ರೈತನಿಗೆ ನಾನು ಮೊದಲು ಕೊಳ್ಳಿರೆಂದು ಹೇಳುವ ಉಪಕರಣ ಈ ಕಲ್ಟಿವೇಟರೇ. ಸಣ್ಣ ಟ್ರ್ಯಾಕ್ಟರಿಗೆ ಐದು ಗುಳದ್ದು ಸಾಕು. ಗುಳಗಳು ಸ್ಪ್ರಿಂಗಿನ ಮೇಲೆ ನಿಂತಿರುವ ಮಾದರಿಯಾಗಲಿ. ಮಣ್ಣಿನಡಿ ಬಂಡೆ ತಗುಲಿದಾಗ ಸ್ಪ್ರಿಂಗಿನ ಗುಳ ಹಿಂದಕ್ಕೆ ಬಾಗಿ, ಕಲ್ಲನ್ನು ದಾಟಿ, ಮತ್ತೆ ತನ್ನ ಸ್ಥಾನಕ್ಕೆ ಬರುತ್ತದೆ, ಯಾವುದೂ ಮುರಿಯುವುದಿಲ್ಲ. ಬೆಲೆ ರೋಟವೇಟರಿಗಿಂತ ಬಹಳ ಕಡಿಮೆ, ಗುಳ ಸವೆದರೆ ಊರಿನಲ್ಲಿಯೇ ಬದಲಾಯಿಸಿಕೊಳ್ಳಬಹುದು. ಮೇ ತಿಂಗಳ ಮಳೆಗೆ ಇಳುಕಲಿಗೆ ಅಡ್ಡಲಾಗಿ ಒಮ್ಮೆ ಇದನ್ನು ಹೊಡೆದಿಟ್ಟರೆ, ಸಾಲುಸಾಲಿನ ಒರಟು ಮಣ್ಣು ನೀರನ್ನು ತಡೆದು ಕುಡಿಯುತ್ತದೆ. ಇಳುಕಲಿನ ಗುಂಟ ಮೇಲಿನಿಂದ ಕೆಳಕ್ಕೆ ಉಳುವುದು ಚಾಲಕನಿಗೆ ಸುಲಭ, ಹೊಲಕ್ಕೆ ಘಾತಕ. ಬಾಡಿಗೆ ಟ್ರ್ಯಾಕ್ಟರನ್ನು ಕರೆಸಿದಾಗಲೂ ಈ ಒಂದು ವಿಷಯದಲ್ಲಿ ಹೊಲದ ಒಡೆಯ ಪಟ್ಟು ಹಿಡಿದು ನಿಲ್ಲಬೇಕು.

ಹಾಗಾದರೆ ರೋಟವೇಟರನ್ನು ಕೊಳ್ಳಲೇಬಾರದೆ? ಅಷ್ಟು ಕಠಿನವಾಗಿ ನಾನು ಹೇಳುವುದಿಲ್ಲ. ಕೊಳ್ಳುವ ಮುನ್ನ ವರ್ಷದಲ್ಲಿ ಅದಕ್ಕೆ ಎಷ್ಟು ಹೊತ್ತು ಕೆಲಸವಿದೆಯೆಂದು ಕೂಡಿನೋಡಿರೆನ್ನುತ್ತೇನೆ. ಮೂರಡಿಯ ಯಂತ್ರ ಗಂಟೆಗೆ ಮೂರು ಕಿಲೋಮೀಟರ್ ವೇಗದಲ್ಲಿ ನಡೆದರೆ, ತಿರುವುಗಳಲ್ಲಿ ಕಳೆಯುವ ಕಾಲವನ್ನೂ ಸೇರಿಸಿ, ಎಕರೆಗೆ ಸುಮಾರು ಎರಡು ಗಂಟೆ ಹಿಡಿಯುತ್ತದೆ. ಮೂರೆಕರೆಯ ಹಿಡುವಳಿಯಲ್ಲಿ ಎರಡೆಕರೆ ಮಾತ್ರ ಅದಕ್ಕೆ ಒಪ್ಪುವ ಭೂಮಿಯೆಂದಾದರೆ, ವರ್ಷಕ್ಕೆ ಎರಡು ಸಲ ಓಡಿಸಿದರೂ ಒಟ್ಟು ಎಂಟು ಗಂಟೆ. ಎಂಟು ಗಂಟೆಯ ಕೆಲಸಕ್ಕಾಗಿ ಅಷ್ಟು ಹಣವನ್ನು ಉಕ್ಕಿನಲ್ಲಿ ಹೂಳುವುದಕ್ಕಿಂತ, 2014ರಿಂದೀಚೆಗೆ ರಾಜ್ಯದಲ್ಲಿ ಹೋಬಳಿ ಮಟ್ಟದಲ್ಲಿ ಏರ್ಪಟ್ಟಿರುವ ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಬಾಡಿಗೆಗೆ ತರುವುದು ವಿವೇಕ. ಕೇಂದ್ರ ದೂರವಾದರೆ, ಹದಮಳೆ ಬಿದ್ದ ದಿನ ಎಲ್ಲರಿಗೂ ಒಟ್ಟಿಗೆ ಯಂತ್ರ ಬೇಕಾಗುವುದರಿಂದ ಸರದಿ ಬರುವಷ್ಟರಲ್ಲಿ ಹದ ಆರಿಹೋಗುವುದೆಂಬ ಆಕ್ಷೇಪ ನ್ಯಾಯವಾದುದು; ಅಂಥಲ್ಲಿ ನೆರೆಹೊರೆಯ ನಾಲ್ಕೈದು ಒಕ್ಕಲು ಕೂಡಿ ಒಂದನ್ನು ಕೊಳ್ಳುವುದು, ಒಬ್ಬನ ಟ್ರ್ಯಾಕ್ಟರಿಗೆ ಅಳತೆ ಹೊಂದಿಸಿ ಎಲ್ಲರ ಹೊಲಕ್ಕೂ ಅದನ್ನೇ ಓಡಿಸುವುದು, ನನಗೆ ಅತ್ಯಂತ ಇಷ್ಟವಾದ ಏರ್ಪಾಡು. ಮುಯ್ಯಾಳಿನ ಪದ್ಧತಿಯನ್ನು ಬಲ್ಲ ನಾಡಿಗೆ ಇದೇನೂ ಹೊಸದಲ್ಲ.

ಕೊಳ್ಳುವುದೆಂದು ನಿಶ್ಚಯವಾದ ಮೇಲೆ ಯಂತ್ರದೊಳಗನ್ನು ನೋಡಿರಿ. ಅಲಗಿನ ದಂಡಕ್ಕೆ ಶಕ್ತಿಯನ್ನು ಒಯ್ಯುವ ಪಕ್ಕದ ಪೆಟ್ಟಿಗೆಯಲ್ಲಿ ಕೆಲವಕ್ಕೆ ಸರಪಳಿ, ಕೆಲವಕ್ಕೆ ಗೇರು. ಸರಪಳಿಯದು ಹಗುರ, ಅಗ್ಗ. ಕಲ್ಲುಹೊಲದ ಪೆಟ್ಟುಗಳನ್ನು ತಾಳುವ ವಿಷಯದಲ್ಲಿ ನಾನು ಗೇರಿನ ಕಡೆಯವನು. ಟ್ರ್ಯಾಕ್ಟರಿಗೂ ಯಂತ್ರಕ್ಕೂ ನಡುವಣ ದಂಡದಲ್ಲಿ ಬೇಕೆಂದೇ ದುರ್ಬಲವಾಗಿ ಮಾಡಿದ ಬೋಲ್ಟೊಂದು ಅನೇಕ ಮಾದರಿಗಳಲ್ಲಿರುತ್ತದೆ. ಅಲಗು ಬಂಡೆಗೆ ಸಿಕ್ಕಿದಾಗ ಗೇರು ಪೆಟ್ಟಿಗೆ ಒಡೆಯದಿರಲೆಂದು ಆ ಬೋಲ್ಟು ತಾನು ತುಂಡಾಗುತ್ತದೆ. ಅದು ಪದೇ ಪದೇ ಮುರಿಯುವುದೆಂದು ಬೇಸತ್ತು ಗಟ್ಟಿ ಉಕ್ಕಿನ ಬೋಲ್ಟನ್ನು ತೊಡಿಸುವವರಿದ್ದಾರೆ. ದಯಮಾಡಿ ಹಾಗೆ ಮಾಡಬೇಡಿರಿ. ಅದೇ ಜಾತಿಯ ಐದಾರು ಬೋಲ್ಟುಗಳನ್ನು ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡರಾಯಿತು. ಪದೇ ಪದೇ ಮುರಿಯುತ್ತಿದ್ದರೆ ಆ ಹೊಲ ರೋಟವೇಟರಿಗೆ ತಕ್ಕುದಲ್ಲವೆಂದು ತಿಳಿದು ಕಲ್ಟಿವೇಟರಿಗೆ ಮರಳಿರಿ.

ಆ ದಂಡದ ಮೇಲೆ ಪ್ಲಾಸ್ಟಿಕ್ಕಿನ ಕವಚವೊಂದಿರುತ್ತದೆ. ಅದನ್ನು ತೆಗೆದೆಸೆದ ದಂಡಗಳನ್ನು ನಾನು ಹಳ್ಳಿಹಳ್ಳಿಯಲ್ಲಿಯೂ ಕಂಡಿದ್ದೇನೆ, ಕಂಡಾಗಲೆಲ್ಲ ಎದೆ ನಡುಗಿದೆ. ನಿಮಿಷಕ್ಕೆ 540 ಎಂದರೆ ಒಂದು ಸೆಕೆಂಡಿಗೆ ಒಂಬತ್ತು ಸುತ್ತು. ಪಂಚೆಯ ಅಂಚೋ ಹೆಗಲ ಟವಲೋ ಸೀರೆಯ ಸೆರಗೋ ಅದಕ್ಕೆ ಸಿಕ್ಕಿದರೆ, ಅಯ್ಯೋ ಎನ್ನುವುದಕ್ಕೂ ಸಮಯವಿರುವುದಿಲ್ಲ. ಕವಚವಿಲ್ಲದ ದಂಡವನ್ನು ಓಡಿಸಬಾರದು, ತಿರುಗುವ ಯಂತ್ರದ ಬಳಿ ಬಗ್ಗಿ ಹುಲ್ಲು ಬಿಡಿಸಬಾರದು, ಎಂಜಿನ್ ನಿಲ್ಲಿಸಿ ಕೀಲಿಯನ್ನು ಕೈಯಲ್ಲಿ ಹಿಡಿದ ಮೇಲೆಯೇ ಕೆಳಗಿಳಿಯಬೇಕು, ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಉಳಬಾರದು. ಅಡಿಗಳ ಲೆಕ್ಕದಲ್ಲಿ ನನ್ನ ಮಾತನ್ನು ಒಪ್ಪದವರೂ ಈ ವಿಷಯದಲ್ಲಿ ಒಪ್ಪಬೇಕೆಂದು ಕೈಮುಗಿದು ಕೇಳುತ್ತೇನೆ.

ಕಡೆಯದಾಗಿ, ಎಲ್ಲಿ ಕೊಳ್ಳಬೇಕೆಂಬ ಮಾತು. ಗೋಪಿನಾಥಂನಿಂದ ಕೊಳ್ಳೇಗಾಲದ ಅಂಗಡಿಬೀದಿಗೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಪಾಲಾರ್ ದಾಟಿದರೆ ತಮಿಳುನಾಡಿನ ಕೊಳತ್ತೂರು, ಮೇಟ್ಟೂರು ಹತ್ತಿರ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕೆಲ್ಲ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದರಿಂದ ಆ ಕಡೆಯ ಪೇಟೆಯ ಬಳಕೆ ಇಲ್ಲಿಯ ಹಿರಿಯರಿಗೆ ಹಳೆಯದು. ಅಲಗು, ಬೇರಿಂಗು, ಎಣ್ಣೆಸೀಲು, ದಂಡದ ಕ್ರಾಸ್ ಇವುಗಳನ್ನು ಹೊಳೆಯಾಚೆಯ ಪೇಟೆಯಲ್ಲಿಯೂ ಸಿಗುವಂಥ ಮಾದರಿಯನ್ನು ಆರಿಸಿಕೊಳ್ಳಿರಿ. ಬಿತ್ತನೆಯ ಹದ ಬಿಡಿಭಾಗಕ್ಕಾಗಿ ಕಾಯುವುದಿಲ್ಲ. ಯಂತ್ರವನ್ನು ಮಾತ್ರ ಸಹಾಯಧನದಲ್ಲಿ ಪಡೆಯುವ ಇಚ್ಛೆಯಿದ್ದರೆ ಕೊಂಡು ತಂದ ಮೇಲೆ ಅರ್ಜಿ ಹಾಕಿ ಫಲವಿಲ್ಲ. ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ನಮ್ಮ ಕೃಷಿ ಇಲಾಖೆ ಮಾನ್ಯಮಾಡಿರುವ ಮಾದರಿಗಳ ಪಟ್ಟಿಯನ್ನು ನೋಡಿ, ಅದರಲ್ಲಿ ನಿಮ್ಮ ಟ್ರ್ಯಾಕ್ಟರಿಗೆ ಹೊಂದುವ ಮೂರಡಿಯ ಯಂತ್ರವಿದೆಯೇ ಎಂದು ವಿಚಾರಿಸಿರಿ. ಪಟ್ಟಿಯಲ್ಲಿ ದೊಡ್ಡ ಅಳತೆಯವು ಮಾತ್ರ ಉಳಿದಿದ್ದರೆ, ಸಹಾಯಧನ ಸಿಗುವುದೆಂಬ ಒಂದೇ ಕಾರಣಕ್ಕೆ ಐದಡಿಯದನ್ನು ಹೊತ್ತು ತರಬೇಡಿರಿ. ಮುಂದಿನ ವರ್ಷದ ಪಟ್ಟಿ ಬರುವವರೆಗೆ ಬಾಡಿಗೆಯ ಯಂತ್ರದಲ್ಲಿ ಕೆಲಸ ನಡೆಸಬಹುದು.